ಬೆಂಬಲ ಮುಗಿದ ಗಣಕ

ಪ್ರತಿಯೊಂದು ಆಪರೇಟಿಂಗ್ ಸಿಸ್ಟಂಗೂ ಎರಡು ದಿನಾಂಕಗಳಿರುತ್ತವೆ. ಒಂದು ಬಿಡುಗಡೆಯದು, ಅದಕ್ಕೆ ಜಾಹೀರಾತು, ಸಮಾರಂಭ ಎಲ್ಲವೂ ಇರುತ್ತದೆ. ಇನ್ನೊಂದು, ತಯಾರಕರು ಅದರ ಕೈಬಿಡುವ ದಿನ. ಅದು ವರ್ಷಗಳ ಮೊದಲೇ ಪ್ರಕಟವಾಗಿದ್ದರೂ ಬಳಸುವವರ ಗಮನಕ್ಕೆ ಬರುವುದು ಕೊನೆ ಗಳಿಗೆಯಲ್ಲೇ. ವಿಂಡೋಸ್ 10 ಬಿಡುಗಡೆಯಾದದ್ದು 2015ರ ಜುಲೈ 29ರಂದು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ರಂದು. ಮರುದಿನ ಬೆಳಿಗ್ಗೆ ಯಾವ ಗಣಕವೂ ನಿಂತುಹೋಗಲಿಲ್ಲ. ಹಾಸನ ಜಿಲ್ಲೆಯ ರಾಮನಾಥಪುರದಂಥ ಹೋಬಳಿ ಊರಿನ ಜೆರಾಕ್ಸ್ ಅಂಗಡಿಯಲ್ಲಾಗಲಿ, ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಸೆಂಟರಿನಲ್ಲಾಗಲಿ, ಗೊಬ್ಬರದಂಗಡಿಯ ಬಿಲ್ಲಿನ ಮೇಜಿನ ಮೇಲಾಗಲಿ ವಿಂಡೋಸ್ 10 ಇರುವ ಗಣಕ ಗುಂಡಿ ಒತ್ತಿದರೆ ಎಂದಿನಂತೆಯೇ ಚಾಲೂ ಆಗುತ್ತದೆ. ಜನ ಈ ದಿನಾಂಕವನ್ನು ಹಗುರವಾಗಿ ತೆಗೆದುಕೊಳ್ಳಲು ಇದೇ ಕಾರಣ.

ಮುಗಿಯುವುದು ಗಣಕದ ಕೆಲಸವಲ್ಲ, ಅದರ ರಿಪೇರಿ. ವಿಂಡೋಸ್ ಎಕ್ಸ್‌ಪಿಯಲ್ಲಿ ಸುಮಾರು 4 ಕೋಟಿ ಸಾಲು ಪ್ರೋಗ್ರಾಂ ಇತ್ತೆಂಬುದು ರೂಢಿಯ ಅಂದಾಜು. ಅಷ್ಟು ದೊಡ್ಡ ಬರಹದಲ್ಲಿ ತಪ್ಪುಗಳು ಉಳಿದೇ ಉಳಿಯುತ್ತವೆ, ಅವು ಒಮ್ಮೆಲೇ ಸಿಗುವುದೂ ಇಲ್ಲ. ಯಾರೋ ಸಂಶೋಧಕರು, ಇಲ್ಲವೇ ಯಾರೋ ಕಳ್ಳರು, ಒಂದೊಂದನ್ನೇ ಹುಡುಕಿ ತೆಗೆಯುತ್ತಾರೆ. ಅವನ್ನು ಮುಚ್ಚುವ ಪ್ಯಾಚ್‌ಗಳನ್ನು ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ಪ್ರತಿ ತಿಂಗಳ ಎರಡನೇ ಮಂಗಳವಾರ ಒಟ್ಟಾಗಿ ಹೊರಡಿಸುತ್ತ ಬಂದಿದೆ. ಬೆಂಬಲ ಮುಗಿಯಿತೆಂದರೆ ಆ ಆವೃತ್ತಿಗೆ ಮಂಗಳವಾರದ ಪ್ಯಾಚ್ ಬರುವುದು ನಿಂತಿತು ಎಂದರ್ಥ.

ಅಪಾಯ ಹೆಚ್ಚುವುದಕ್ಕೆ ಇನ್ನೊಂದು, ಅಷ್ಟಾಗಿ ಮಾತಿಗೆ ಬರದ ಕಾರಣವಿದೆ. ಹೊಸ ವಿಂಡೋಸನ್ನು ಯಾರೂ ಮೊದಲಿನಿಂದ ಬರೆಯುವುದಿಲ್ಲ. ಹಳೆಯದರ ಬಹುಭಾಗ ಅದರೊಳಗೆ ಹಾಗೇ ಮುಂದುವರಿಯುತ್ತದೆ. ಹೊಸ ಆವೃತ್ತಿಗೆ ಪ್ಯಾಚ್ ಬಂದಾಗ, ಪ್ಯಾಚಿಗೆ ಮೊದಲಿನ ಕಡತವನ್ನೂ ನಂತರದ ಕಡತವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಎಲ್ಲಿತ್ತೆಂದು ತಿಳಿಯುತ್ತದೆ. ಅದೇ ತಪ್ಪು ಹಳೆಯ ಆವೃತ್ತಿಯಲ್ಲೂ ಇದ್ದರೆ ಅಲ್ಲಿ ಅದು ಶಾಶ್ವತ. ನೆರೆಮನೆಯ ಬೀಗ ಬದಲಾದದ್ದನ್ನು ಕಂಡ ಕಳ್ಳ, ಅದೇ ಕಂಪನಿಯ ಹಳೆಯ ಬೀಗ ಇನ್ನೂ ಯಾರ ಬಾಗಿಲಲ್ಲಿದೆ ಎಂದು ಹುಡುಕಿಕೊಂಡು ಹೋದ ಹಾಗೆ. ಎಂದರೆ ಬೆಂಬಲವಿರುವ ಗಣಕಗಳ ಪ್ರತಿ ರಿಪೇರಿಯೂ ಬೆಂಬಲವಿಲ್ಲದ ಗಣಕಗಳಿಗೆ ಒಂದು ಹೊಸ ಅಪಾಯ.

ಹಾಗಾದರೆ ಜನ ಹಳೆಯದನ್ನೇ ಹಿಡಿದು ಕೂರುವುದೇಕೆ? ದುಡ್ಡಿಲ್ಲ, ಸೋಮಾರಿತನ ಎಂಬ ಸುಲಭದ ಉತ್ತರಗಳಿವೆ. ಕರ್ನಾಟಕದ ಮಟ್ಟಿಗೆ ಅವು ಅರ್ಧ ಉತ್ತರ ಮಾತ್ರ. ಉಳಿದರ್ಧ ಕನ್ನಡ ಗಣಕಕ್ಕೆ ಬಂದ ದಾರಿಯಲ್ಲಿದೆ.

ವಿಂಡೋಸ್ 95, 98ಗಳಿಗೆ ಕನ್ನಡ ಲಿಪಿ ಎಂಬುದೊಂದು ಇದೆಯೆಂದೇ ಗೊತ್ತಿರಲಿಲ್ಲ. ವಿಂಡೋಸ್ 2000 ಭಾರತೀಯ ಲಿಪಿಗಳಲ್ಲಿ ದೇವನಾಗರಿ ಮತ್ತು ತಮಿಳನ್ನು ಕಲಿತು ಬಂತು, ಕನ್ನಡ ಅದರಲ್ಲಿರಲಿಲ್ಲ. ಹಾಗಾಗಿ ಕನ್ನಡಿಗರು ಒಂದು ಉಪಾಯ ಮಾಡಿಕೊಂಡಿದ್ದರು. ಇಂಗ್ಲಿಷ್ ಅಕ್ಷರಗಳಿಗೂ ಯುರೋಪಿನ ಭಾಷೆಗಳ ಚಿಹ್ನೆಗಳಿಗೂ ಮೀಸಲಾದ ಇನ್ನೂರಕ್ಕೂ ಮಿಕ್ಕಿದ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳನ್ನು ತಯಾರಿಸಿದರು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’, ಪುಣೆಯ ಮಾಡ್ಯುಲರ್ ಸಂಸ್ಥೆಯ ‘ಶ್ರೀಲಿಪಿ’ ಎಲ್ಲವೂ ಈ ಹಾದಿಯಲ್ಲೇ ಬೆಳೆದವು. ನುಡಿಯಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಕಡತದೊಳಗೆ ನಿಜವಾಗಿ ಕೂರುತ್ತಿದ್ದದ್ದು ಏಳು ವಿದೇಶಿ ಚಿಹ್ನೆಗಳು: ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ‘ಎ’, ಜರ್ಮನ್ನರ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಮತ್ತೊಮ್ಮೆ ಗೆರೆ ಹೊತ್ತ ‘ಎ’. ನುಡಿ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದವರಿಗೆ ಕಾಣುತ್ತಿದ್ದದ್ದೂ ಇದೇ. ಮೂರಕ್ಷರದ ಪದಕ್ಕೆ ಏಳು ಸಂಕೇತ. ಪೌಂಡಿನ ಗುರುತೇ ‘ನ’.

ವಿಂಡೋಸ್‌ಗೆ ಕನ್ನಡ ಹುಟ್ಟಿನಿಂದಲೇ ಬಂದದ್ದು ಎಕ್ಸ್‌ಪಿಯಲ್ಲಿ, 2001ರ ಅಕ್ಟೋಬರ್ 25ರಂದು. ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯ ಕನ್ನಡ ಫಾಂಟೊಂದು ಅದರ ಜೊತೆಗಿತ್ತು, ಹೆಸರು ‘ತುಂಗಾ’. ಈಗ ‘ಕನ್ನಡ’ ಎಂಬುದು ಕ, ನ, ವಿರಾಮ, ನ, ಡ ಎಂಬ ಐದು ಸಂಕೇತಗಳಾಯಿತು; ಒತ್ತಕ್ಷರವನ್ನು ಅದರ ಜಾಗಕ್ಕೆ ಇಳಿಸುವ ಹೊಣೆ ಆಪರೇಟಿಂಗ್ ಸಿಸ್ಟಂನದಾಯಿತು. ಆದರೆ ಈ ಸೌಲಭ್ಯ ತಾನಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ‘ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್’ಗೆ ಹೋಗಿ, ಸಂಕೀರ್ಣ ಲಿಪಿಗಳ ಮುಂದಿನ ಚೌಕದಲ್ಲಿ ಗುರುತು ಹಾಕಿ, ಎಕ್ಸ್‌ಪಿಯ ಸಿ.ಡಿ. ಹುಡುಕಿ ಡ್ರೈವಿಗೆ ತೂರಿಸಿ, ಗಣಕವನ್ನು ಮತ್ತೆ ಶುರುಮಾಡಬೇಕಿತ್ತು. ಸಿ.ಡಿ. ಇಲ್ಲದವರ ಪಾಲಿಗೆ ಯುನಿಕೋಡ್ ಕನ್ನಡ ಬಾಗಿಲಾಚೆಯೇ ಉಳಿಯಿತು. ನುಡಿಗೆ ಇದ್ಯಾವ ರಗಳೆಯೂ ಇರಲಿಲ್ಲ. ಕಚೇರಿಗಳು, ಪತ್ರಿಕೆಗಳು, ಡಿಟಿಪಿ ಅಂಗಡಿಗಳು ಎಕ್ಸ್‌ಪಿಯ ಮೇಲೆ ನುಡಿ ಅಥವಾ ಶ್ರೀಲಿಪಿ, ಅದರ ಮೇಲೆ ಪೇಜ್‌ಮೇಕರ್ 7 ಎಂಬ ಜೋಡಣೆಗೆ ಒಗ್ಗಿಕೊಂಡವು. ಅಡೋಬಿ ಕಂಪನಿ ಪೇಜ್‌ಮೇಕರಿನ ಬೆಳವಣಿಗೆಯನ್ನೇ 2004ರಲ್ಲಿ ನಿಲ್ಲಿಸಿತು. ಅದರ ಉತ್ತರಾಧಿಕಾರಿ ಇನ್‌ಡಿಸೈನ್ ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವ ಮಟ್ಟಕ್ಕೆ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ನಡುವಿನ ಎಂಟು ವರ್ಷ ಕನ್ನಡದ ಅಚ್ಚುಕೂಟಗಳು ಹಳೆಯ ಜೋಡಣೆಯಲ್ಲಿ ಉಳಿದದ್ದನ್ನು ಹಠ ಎನ್ನಲಾಗದು. ಹೋಗಲು ಬೇರೆ ಜಾಗವೇ ಇರಲಿಲ್ಲ.

ಹೊಸ ವಿಂಡೋಸ್‌ಗೆ ದಾಟುವಾಗ ಇಂಥ ಜೋಡಣೆಗಳು ಮುರಿಯುವುದಕ್ಕೆ ತಾಂತ್ರಿಕ ಕಾರಣಗಳೂ ಇವೆ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂಗಳು ಓಡುವುದಿಲ್ಲ. ವಿಂಡೋಸ್ ವಿಸ್ತಾದಿಂದ ಈಚೆಗೆ 64 ಬಿಟ್ ಆವೃತ್ತಿಗಳು ಡಿಜಿಟಲ್ ಸಹಿಯಿಲ್ಲದ ಚಾಲಕ ತಂತ್ರಾಂಶವನ್ನು ಒಳಗೆ ಬಿಡುವುದಿಲ್ಲ. ಹಳೆಯ ಸ್ಕ್ಯಾನರ್, ಹಳೆಯ ಪ್ರಿಂಟರ್, ತಂತ್ರಾಂಶ ಕದಿಯದಂತೆ ಸಿಕ್ಕಿಸುವ ಹಾರ್ಡ್‌ವೇರ್ ಲಾಕ್ ಎಲ್ಲವೂ ಇಲ್ಲಿ ಎಡವುತ್ತವೆ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಯಂತ್ರಗಳ ಆಯುಸ್ಸೂ ಆಪರೇಟಿಂಗ್ ಸಿಸ್ಟಂನ ಆಯುಸ್ಸೂ ತಾಳೆಯಾಗುವುದಿಲ್ಲ. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ಕಾರ್ಖಾನೆಯ ಲೇತು ಹತ್ತು ವರ್ಷಕ್ಕೆ ಮುದಿಯಾಗುವಂಥವಲ್ಲ. ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ನೋಡಿಕೊಳ್ಳುವ ಸಂಪರ್ಕ ಉಪಗ್ರಹಗಳನ್ನೇ ಈಗ 12ರಿಂದ 15 ವರ್ಷ ಬಾಳುವಂತೆ ಕಟ್ಟುತ್ತಾರೆ; ವಿಂಡೋಸ್‌ಗೆ ರೂಢಿಯಲ್ಲಿ ಸಿಗುತ್ತ ಬಂದದ್ದು 10 ವರ್ಷ, ಐದು ಪೂರ್ಣ ಬೆಂಬಲದ್ದು, ಮುಂದಿನ ಐದು ಭದ್ರತೆಯ ಪ್ಯಾಚುಗಳದ್ದು.

ಸರ್ಕಾರದ ಕಡೆಯಿಂದ ನೋಡಬೇಕಾದ ಉದಾಹರಣೆ ‘ಭೂಮಿ’. ಪಹಣಿಗಳನ್ನು ಗಣಕಕ್ಕೇರಿಸಿದ ಈ ಯೋಜನೆ 21ನೇ ಶತಮಾನದ ಆರಂಭದಲ್ಲಿ ರಾಜ್ಯದ 177 ತಾಲೂಕು ಕೇಂದ್ರಗಳನ್ನು ಮುಟ್ಟಿತು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು; ಒಂದು ಪಹಣಿಗೆ ಆಗ 15 ರೂಪಾಯಿ. ರಾಮನಾಥಪುರ ಹೋಬಳಿಯ ರೈತನಿಗೆ ಅರಕಲಗೂಡಿನ ತಾಲೂಕು ಕಚೇರಿಯ ಕಿಟಕಿಯಲ್ಲಿ ಮುದ್ರಿತ ಪಹಣಿ ಸಿಗುವ ಕಾಲ ಬಂತು. ಈ ವ್ಯವಸ್ಥೆಯನ್ನು ಸರ್ಕಾರಿ ಸಂಸ್ಥೆಯಾದ ಎನ್‌ಐಸಿ ಕಟ್ಟಿದ್ದು ವಿಂಡೋಸ್ ಎನ್‌ಟಿ, ವಿಷುವಲ್ ಬೇಸಿಕ್ 6, ಎಸ್‌ಕ್ಯೂಎಲ್ ಸರ್ವರ್ 7ರ ಮೇಲೆ. ಎನ್‌ಟಿಗೆ ಕನ್ನಡ ಬಾರದ ಕಾರಣ ಸಿ-ಡ್ಯಾಕ್‌ನ ಐಎಸ್‌ಎಂ ತಂತ್ರಾಂಶ ಅದರ ನೆರವಿಗಿತ್ತು. ಎನ್‌ಟಿ 4 ಹೊರಬಂದದ್ದು 1996ರಲ್ಲಿ. ಅದರ ಬೆಂಬಲ 2004ರ ಕೊನೆಯ ಹೊತ್ತಿಗೆ ಮುಗಿದೇಹೋಯಿತು. ಎಂದರೆ ರಾಜ್ಯದ ಜಮೀನಿನ ಲೆಕ್ಕ ಹೊತ್ತ ವ್ಯವಸ್ಥೆ ಕಾಲೂರುವಷ್ಟರಲ್ಲಿ ಅದರ ಅಡಿಪಾಯದ ಅವಧಿ ತೀರಿತ್ತು. ವಿಷುವಲ್ ಬೇಸಿಕ್ 6ರ ಕಥೆ ಇನ್ನೂ ವಿಚಿತ್ರ. ಅದರಲ್ಲಿ ಪ್ರೋಗ್ರಾಂ ಬರೆಯುವ ಸಾಧನಕ್ಕೆ 2008ರ ಏಪ್ರಿಲ್ 8ರಂದೇ ಬೆಂಬಲ ನಿಂತಿತು. ಆದರೆ ಬರೆದಾಗಿರುವ ಪ್ರೋಗ್ರಾಂ ಓಡಿಸಲು ಬೇಕಾದ ಮೂಲ ಕಡತಗಳನ್ನು ಮೈಕ್ರೋಸಾಫ್ಟ್ ಹೊಸ ವಿಂಡೋಸ್‌ಗಳಲ್ಲೂ ಉಳಿಸಿಕೊಂಡು ಬಂದಿದೆ. ಲೋಕದಾದ್ಯಂತ ಕಚೇರಿಗಳು ಅದರ ಮೇಲೆ ಎಷ್ಟು ಒರಗಿದ್ದವೆಂದರೆ ಕೈಬಿಡುವ ಧೈರ್ಯ ಕಂಪನಿಗೇ ಬರಲಿಲ್ಲ.

ಭೂಮಿ ಮುಂದೆ ಜಾಲದ ವ್ಯವಸ್ಥೆಯಾಗಿ ಬದಲಾಯಿತು. ಇಂದು ಹೋಬಳಿಯ ನಾಡಕಚೇರಿ, ಉಪನೋಂದಣಿ ಕಚೇರಿ, ಬ್ಯಾಂಕು ಎಲ್ಲವೂ ಜಾಲದ ಮೇಲೆ ನಿಂತಿವೆ. ರಾಮನಾಥಪುರದ ತಂಬಾಕು ಹರಾಜು ಕೂಡ ವಿದ್ಯುನ್ಮಾನ ಪದ್ಧತಿಯದು. ಒಂಟಿಯಾಗಿ ಕೂತಿದ್ದ ಕಾಲದ ಹಳೆಯ ಗಣಕ ಕೆಟ್ಟರೆ ನಷ್ಟ ಅದರೊಡೆಯನಿಗಷ್ಟೇ. ಜಾಲಕ್ಕೆ ಸೇರಿದ ಹಳೆಯ ಗಣಕದ ತೊಂದರೆ ಪಕ್ಕದ ಮೇಜಿಗೂ ದಾಟುತ್ತದೆ. ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ 2017ರ ಮೇ 12ರಂದು ತೋರಿಸಿದ್ದು ಇದನ್ನೇ.

ವನ್ನಾಕ್ರೈ ಒಳನುಗ್ಗಿದ ಬಿರುಕನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಹಳೆಯ ಪ್ರೋಗ್ರಾಂ ಹೇಗೆ ಕಾಡುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ವಿಂಡೋಸ್ ಗಣಕಗಳು ಕಡತ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಎಂಬ ವ್ಯವಸ್ಥೆಯಲ್ಲಿ, ಓಎಸ್/2 ಎಂಬ ಬೇರೊಂದು ಆಪರೇಟಿಂಗ್ ಸಿಸ್ಟಂನಿಂದ ಬಂದ ಪಟ್ಟಿಗಳನ್ನು ವಿಂಡೋಸ್‌ಗೆ ಹೊಂದಿಸುವ ಸಣ್ಣದೊಂದು ಭಾಗವಿತ್ತು. ಓಎಸ್/2 ಎಂಬುದು ಐಬಿಎಂ ಮತ್ತು ಮೈಕ್ರೋಸಾಫ್ಟ್ ಕೂಡಿ 1987ರಲ್ಲಿ ಹೊರತಂದದ್ದು. 2017ರ ಹೊತ್ತಿಗೆ ಅದನ್ನು ಕಂಡವರೇ ವಿರಳ. ಆದರೂ ಅದಕ್ಕೆ ಮರ್ಯಾದೆ ಕೊಡುವ ಆ ಭಾಗ ಎಕ್ಸ್‌ಪಿಯಲ್ಲೂ ಇತ್ತು, ವಿಂಡೋಸ್ 7ರಲ್ಲೂ ಇತ್ತು. ಪಟ್ಟಿಯ ಉದ್ದವನ್ನು ಅದು 32 ಬಿಟ್‌ಗಳ ಅಂಕಿಯಾಗಿ ಇಟ್ಟುಕೊಳ್ಳುತ್ತಿತ್ತು. ಪಟ್ಟಿಯ ಬಾಲದಲ್ಲಿ ದೋಷವಿದ್ದರೆ ಅಷ್ಟನ್ನು ಬಿಟ್ಟು ಉದ್ದವನ್ನು ಕಡಿಮೆ ಮಾಡಿ ಬರೆಯಬೇಕು. ಬರೆಯುವಾಗ ಮಾತ್ರ ಕೆಳಗಿನ 16 ಬಿಟ್‌ಗಳನ್ನಷ್ಟೇ ತಿದ್ದುತ್ತಿತ್ತು. ಮೇಲಿನ 16 ಬಿಟ್‌ಗಳಲ್ಲಿ ಹಳೆಯ ಅಂಕಿ ಹಾಗೇ ಉಳಿಯುತ್ತಿತ್ತು. ದಾಳಿಕೋರರು ಬೇಕೆಂದೇ 65,536 ಉದ್ದದ ಪಟ್ಟಿ ಕಳಿಸಿದರು. ಅದು 65,373ಕ್ಕೆ ಇಳಿಯಬೇಕಿತ್ತು. ಮೇಲಿನ ಭಾಗದಲ್ಲಿ 65,536 ಅಳಿಯದೆ ಉಳಿದಿದ್ದರಿಂದ ಎರಡೂ ಕೂಡಿ 1,30,909 ಆಯಿತು. ಗಣಕ ಸಣ್ಣ ಪಟ್ಟಿಗೆಂದು ಸ್ಮೃತಿಯಲ್ಲಿ ಜಾಗ ತೆಗೆದಿಟ್ಟು, ದೊಡ್ಡ ಪಟ್ಟಿಯನ್ನು ಅದರೊಳಗೆ ಸುರಿಯಲು ಹೊರಟಿತು. ಮೀರಿ ಹರಿದ ಮಾಹಿತಿ ಪಕ್ಕದ ಜಾಗವನ್ನು ತುಳಿಯಿತು. ಅಲ್ಲಿ ಏನಿರಬೇಕೆಂಬುದನ್ನು ದಾಳಿಕೋರರೇ ತೀರ್ಮಾನಿಸಿದರು. ಗಣಕ ಅವರ ಕೈಸೇರಿತು.

ಈ ಬಿರುಕನ್ನು ಮುಚ್ಚುವ ಪ್ಯಾಚ್ 2017ರ ಮಾರ್ಚ್ 14ರಂದೇ ಬಂದಿತ್ತು, ಬೆಂಬಲವಿದ್ದ ಆವೃತ್ತಿಗಳಿಗೆ. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದ್ದರಿಂದ ಅದಕ್ಕೆ ಸಿಕ್ಕಿರಲಿಲ್ಲ. ಅಮೆರಿಕದ ಬೇಹುಗಾರಿಕೆ ಸಂಸ್ಥೆಯಿಂದ ಕಳುವಾದ ದಾಳಿಯ ಉಪಕರಣ ಏಪ್ರಿಲ್ 14ರಂದು ಬಹಿರಂಗವಾಯಿತು. ಮುಂದಿನ ತಿಂಗಳು ವನ್ನಾಕ್ರೈ ಅದನ್ನೇ ಏರಿಕೊಂಡು ಸುಮಾರು 150 ದೇಶಗಳಿಗೆ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಸಾವಿರಾರು ರೋಗಿಗಳ ಭೇಟಿಗಳನ್ನು ರದ್ದು ಮಾಡಬೇಕಾಯಿತು. ನೆರೆಯ ಕೇರಳದಲ್ಲಿ ವಯನಾಡಿನ ಪಂಚಾಯಿತಿ ಕಚೇರಿಯ ಗಣಕಗಳೂ, ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಗಣಕಗಳೂ ಬೀಗ ಬಿದ್ದಂತಾದವು. ಮೈಕ್ರೋಸಾಫ್ಟ್ ತನ್ನದೇ ನಿಯಮ ಮುರಿದು ಎಕ್ಸ್‌ಪಿಗೂ ಪ್ಯಾಚ್ ಬಿಡುಗಡೆ ಮಾಡಿತು. 2019ರ ಮೇ 14ರಂದು ‘ಬ್ಲೂಕೀಪ್’ ಎಂಬ ಮತ್ತೊಂದು ಬಿರುಕಿಗಾಗಿ ಇನ್ನೊಮ್ಮೆ ಹಾಗೇ ಮಾಡಿತು.

ಇಲ್ಲೊಂದು ಮಾತು ಸೇರಿಸದಿದ್ದರೆ ನ್ಯಾಯವಾಗುವುದಿಲ್ಲ. ವನ್ನಾಕ್ರೈಗೆ ಬಲಿಯಾದ ಗಣಕಗಳಲ್ಲಿ ಬಹುಪಾಲು ಎಕ್ಸ್‌ಪಿಯವಲ್ಲ, ವಿಂಡೋಸ್ 7ರವು. ಅವುಗಳಿಗೆ ಬೆಂಬಲವಿತ್ತು, ಪ್ಯಾಚೂ ಬಂದು ಎರಡು ತಿಂಗಳಾಗಿತ್ತು, ಹಾಕಿಕೊಂಡಿರಲಿಲ್ಲ. ಎಕ್ಸ್‌ಪಿ ಗಣಕಗಳು ಎಷ್ಟೋ ಕಡೆ ದಾಳಿಯ ಹೊಡೆತಕ್ಕೆ ನೀಲಿ ಪರದೆ ತೋರಿ ಕುಸಿದವೇ ಹೊರತು ಸೋಂಕನ್ನು ಹರಡಲಿಲ್ಲ. ‘ಅಪ್‌ಡೇಟ್ ಬಂದರೆ ನೆಟ್ ಖಾಲಿಯಾಗುತ್ತದೆ, ಗಣಕ ನಿಧಾನವಾಗುತ್ತದೆ’ ಎಂದು ಅಪ್‌ಡೇಟ್ ಬಂದ್ ಮಾಡಿಸಿಕೊಂಡು ಬರುವ ರೂಢಿ ನಮ್ಮಲ್ಲಿ ವ್ಯಾಪಕ. ನಕಲಿ ವಿಂಡೋಸ್ ಹಾಕಿಸಿಕೊಂಡವರಂತೂ ಸಿಕ್ಕಿಬೀಳುವ ಭಯಕ್ಕೆ ಅದನ್ನು ಮೊದಲ ದಿನವೇ ನಿಲ್ಲಿಸಿರುತ್ತಾರೆ. ಅಂಥ ಗಣಕದ ಬೆಂಬಲ ಮುಗಿಯುವುದು ಕಂಪನಿ ಹೇಳಿದ ದಿನವಲ್ಲ, ಕೊಂಡ ದಿನವೇ.

ಎಟಿಎಂಗಳ ಕಥೆಯೂ ಇದೇ ಕಾಲದ್ದು. ಹಣ ಕೊಡುವ ಆ ಪೆಟ್ಟಿಗೆಯೊಳಗೆ ಇರುವುದು ಸಾಮಾನ್ಯ ಗಣಕವೇ, ಅದರಲ್ಲಿ ಬಹುಕಾಲ ಇದ್ದದ್ದು ಎಕ್ಸ್‌ಪಿಯೇ. ಬೆಂಬಲ ಮುಗಿದು ನಾಲ್ಕು ವರ್ಷ ಕಳೆದರೂ ಬದಲಾವಣೆ ಕುಂಟುತ್ತಿದ್ದುದರಿಂದ ರಿಸರ್ವ್ ಬ್ಯಾಂಕ್ 2018ರ ಜೂನ್ 21ರಂದು ಗಡುವು ಹಾಕಿತು: 2018ರ ಸೆಪ್ಟೆಂಬರಿನೊಳಗೆ ಕನಿಷ್ಠ ಶೇ 25, ಡಿಸೆಂಬರಿಗೆ ಶೇ 50, 2019ರ ಮಾರ್ಚಿಗೆ ಶೇ 75, ಜೂನ್ ಹೊತ್ತಿಗೆ ಎಲ್ಲ ಎಟಿಎಂಗಳೂ ಬೆಂಬಲವಿರುವ ಆಪರೇಟಿಂಗ್ ಸಿಸ್ಟಂಗೆ ಬರಬೇಕು. ಯುಎಸ್‌ಬಿ ಕಿಂಡಿಗಳನ್ನು ಮುಚ್ಚಬೇಕೆಂದೂ ಅದೇ ಸುತ್ತೋಲೆ ಹೇಳಿತು. ದಿನಾಂಕ ಹಾಕಿ, ಪಾಲನೆಯ ಪ್ರಮಾಣವನ್ನೂ ಹೇಳಿ ಒತ್ತಡ ತಂದ ಈ ಕ್ರಮ ಬೇರೆ ಇಲಾಖೆಗಳಿಗೂ ಮಾದರಿಯಾಗಬಹುದಿತ್ತು.

ಪ್ಯಾಚ್ ನಿಂತ ಗಣಕ ಜಾಲದಿಂದ ನಿಧಾನವಾಗಿ ಹೊರಗೂ ಬೀಳುತ್ತದೆ. ಕ್ರೋಮ್ ಬ್ರೌಸರು 2016ರಲ್ಲಿ, ಫೈರ್‌ಫಾಕ್ಸ್ 2018ರಲ್ಲಿ ಎಕ್ಸ್‌ಪಿಯ ಕೈಬಿಟ್ಟವು. ಬ್ಯಾಂಕು ಮತ್ತು ಸರ್ಕಾರಿ ತಾಣಗಳು ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸಲು ಹೊಸ ಪದ್ಧತಿಗಳಿಗೆ ಹೋದಂತೆ ಹಳೆಯ ಗಣಕಕ್ಕೆ ಆ ಭಾಷೆಯೇ ತಿಳಿಯದಾಯಿತು. ತಾಣ ಅಸಲಿಯೆಂದು ಸಾರುವ ಮೂಲ ಪ್ರಮಾಣಪತ್ರಗಳಿಗೂ ಅವಧಿಯಿದೆ. 2021ರ ಸೆಪ್ಟೆಂಬರ್ 30ರಂದು ಅಂಥದೊಂದು ಪತ್ರದ ಅವಧಿ ತೀರಿದಾಗ ಅನೇಕ ಹಳೆಯ ಸಾಧನಗಳಲ್ಲಿ ಚೆನ್ನಾಗಿಯೇ ಇದ್ದ ತಾಣಗಳೂ ‘ಅಸುರಕ್ಷಿತ’ ಎನಿಸಿಕೊಂಡವು.

ಮೊಬೈಲಿನಲ್ಲಿ ಈ ಚಕ್ರ ಇನ್ನೂ ವೇಗದ್ದು. ಆಂಡ್ರಾಯ್ಡ್‌ನಲ್ಲಿ ಕನ್ನಡ ಸರಿಯಾಗಿ ಮೂಡತೊಡಗಿದ್ದು 2012ರ 4.1 ಆವೃತ್ತಿಯಿಂದ, ಅದಕ್ಕೆ ಮೊದಲು ಹೆಚ್ಚಿನ ಫೋನುಗಳಲ್ಲಿ ಕನ್ನಡದ ಸಂದೇಶವೆಂದರೆ ಸಾಲು ಸಾಲು ಖಾಲಿ ಚೌಕಗಳು. 2021ರ ನವೆಂಬರ್ 1ರಿಂದ ವಾಟ್ಸ್‌ಆ್ಯಪ್ 4.1ಕ್ಕಿಂತ ಹಳೆಯ ಆಂಡ್ರಾಯ್ಡ್‌ಗಳಲ್ಲಿ ಕೆಲಸ ನಿಲ್ಲಿಸಿತು. ಕನ್ನಡ ಬಾರದ ಫೋನುಗಳು ಒಟ್ಟಿಗೇ ತೆರೆಮರೆಗೆ ಸರಿದದ್ದರ ಬಗ್ಗೆ ಕನ್ನಡಿಗರು ದುಃಖಪಡಬೇಕಾದ್ದೇನೂ ಇಲ್ಲ.

ವಿಂಡೋಸ್ 10ರ ವಿಷಯಕ್ಕೆ ಮರಳಿದರೆ, ಈ ಸಲದ ತೊಡಕು ಹೊಸ ಬಗೆಯದು. ಎಕ್ಸ್‌ಪಿಯಿಂದ ಏಳಕ್ಕೆ, ಏಳರಿಂದ ಹತ್ತಕ್ಕೆ ದಾಟುವಾಗ ಹೆಚ್ಚಿನ ಗಣಕಗಳಿಗೆ ಸ್ವಲ್ಪ ಸ್ಮೃತಿ ಸೇರಿಸಿದರೆ ಸಾಕಿತ್ತು. ವಿಂಡೋಸ್ 11 ಮಾತ್ರ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಅಥವಾ ನಂತರದ ಪ್ರೊಸೆಸರನ್ನೂ ಕೇಳುತ್ತದೆ. 2017ಕ್ಕೆ ಮೊದಲು ಕೊಂಡ, ಇನ್ನೂ ಗಟ್ಟಿಮುಟ್ಟಾಗಿರುವ ಗಣಕಗಳು ಈ ಗೆರೆಯಾಚೆ ಉಳಿಯುತ್ತವೆ. ಕೆಟ್ಟಿಲ್ಲದ ಯಂತ್ರವನ್ನು ಗುಜರಿಗೆ ತಳ್ಳುವ ಈ ನಿರ್ಧಾರಕ್ಕೆ ಭದ್ರತೆಯ ಸಮರ್ಥನೆ ಇದೆಯಾದರೂ, ಹೊಸ ಗಣಕಗಳ ವ್ಯಾಪಾರಕ್ಕೂ ಅದು ಅನುಕೂಲವೇ. ಮನೆ ಬಳಕೆಯವರಿಗೆ ಒಂದು ವರ್ಷದ ವಿಸ್ತರಣೆ, 2026ರ ಅಕ್ಟೋಬರ್ 13ರವರೆಗೆ, ಸಿಕ್ಕಿದೆ: 30 ಡಾಲರ್ ಕೊಟ್ಟು, ಇಲ್ಲವೇ ಮೈಕ್ರೋಸಾಫ್ಟ್ ಖಾತೆಗೆ ಗಣಕದ ಸೆಟ್ಟಿಂಗುಗಳನ್ನು ಜೋಡಿಸಿ ದುಡ್ಡಿಲ್ಲದೆ. ಸಂಸ್ಥೆಗಳಿಗೆ ಗಣಕವೊಂದಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷವರ್ಷವೂ ದುಪ್ಪಟ್ಟು, ಮೂರು ವರ್ಷ ಮಾತ್ರ.

ಇನ್ನೊಂದು ದಾರಿ ಲಿನಕ್ಸ್. ಅದರದೊಂದು ರೂಪವಾದ ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಉಚಿತ ಬೆಂಬಲ. ಮುಗಿದಾಗ ಮುಂದಿನದಕ್ಕೆ ದಾಟಲು ಕಾಸು ಬೇಡ, ಹಳೆಯ ಪ್ರೊಸೆಸರಿನ ಬಗ್ಗೆ ತಕರಾರೂ ಕಡಿಮೆ. ಇದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದ ರಾಜ್ಯ ಕೇರಳ. ಅಲ್ಲಿನ ಕೈಟ್ ಸಂಸ್ಥೆ ಶಾಲೆಗಳಿಗೆಂದೇ ಉಬುಂಟು ಆಧರಿಸಿದ ಆಪರೇಟಿಂಗ್ ಸಿಸ್ಟಂ ಸಿದ್ಧಪಡಿಸಿ, ಹಿಂದಿನದರ ಕಾಲ ಮುಗಿದಂತೆ ಹೊಸದನ್ನು ಹೊರಡಿಸುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕ ಕಲಿಯುವುದು ಇದರ ಮೇಲೆಯೇ. ಗಡಿಯಾಚೆಯ ಈ ಕನ್ನಡ ಮಕ್ಕಳ ಶಾಲೆಗಳಿಗೆ ವಿಂಡೋಸ್ 10ರ ಗಡುವು ತಲೆನೋವಾಗಿಲ್ಲ.

ಯಾವುದೋ ಯಂತ್ರಕ್ಕಾಗಿಯೋ ಪೇಜ್‌ಮೇಕರಿಗಾಗಿಯೋ ಹಳೆಯದನ್ನು ಇಟ್ಟುಕೊಳ್ಳಲೇಬೇಕಾದವರು ಅದರ ಇಂಟರ್‌ನೆಟ್ ತಂತಿಯನ್ನು ಕಿತ್ತಿಡಬೇಕು, ಪೆನ್‌ಡ್ರೈವನ್ನು ಬೇರೆ ಗಣಕದಲ್ಲಿ ಪರೀಕ್ಷಿಸಿಯೇ ಅದಕ್ಕೆ ಹಾಕಬೇಕು. ಸಾಧ್ಯವಿದ್ದರೆ ಹೊಸ ಗಣಕದೊಳಗೆ ವರ್ಚುವಲ್ ಯಂತ್ರವಾಗಿ ಅದನ್ನು ಓಡಿಸಬಹುದು. ಅದಕ್ಕಿಂತ ಮುಖ್ಯವಾದದ್ದು ಕಡತಗಳು. ಹಳೆಯ ನುಡಿ, ಶ್ರೀಲಿಪಿ, ಬರಹಗಳಲ್ಲಿ ಕೂತಿರುವ ಕಥೆ, ಸ್ಮರಣ ಸಂಚಿಕೆ, ದೇವಸ್ಥಾನದ ಲೆಕ್ಕ, ಸಂಘದ ನಡಾವಳಿ ಯಾವುದನ್ನೂ ಯುನಿಕೋಡಿಗೆ ತರದೆ ಹುಡುಕಲಾಗದು. ಆ ಫಾಂಟು ಹೋದ ದಿನ ಓದಲೂ ಆಗದು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅರ್ಕಾವತ್ತಿನಲ್ಲಿ ಅವು ತಪ್ಪುತ್ತವೆ, ಹಾಗಾಗಿ ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಈ ಕೆಲಸವನ್ನು ಹಳೆಯ ಗಣಕ ಇನ್ನೂ ಚಾಲೂ ಆಗುತ್ತಿರುವಾಗಲೇ ಮುಗಿಸಿಕೊಳ್ಳುವುದು ಲೇಸು.